ಫ್ಲೂ ಲಸಿಕೆ ಸೋತ ವರ್ಷ

ಕೋಳಿಮೊಟ್ಟೆಯಲ್ಲಿ ವೈರಸ್ ಬೆಳೆಸಿ, ಅದನ್ನು ಕೊಂದು ಚುಚ್ಚುಮದ್ದಾಗಿ ಕೊಡುವ ಇನ್‌ಫ್ಲುಯೆಂಜಾ ಲಸಿಕೆಯನ್ನು ಅಮೆರಿಕದ ಥಾಮಸ್ ಫ್ರಾನ್ಸಿಸ್ 1943ರಲ್ಲಿ ಪರೀಕ್ಷಿಸಿ ಗೆದ್ದಿದ್ದರು. ಮುಂದೆ ಪೋಲಿಯೋ ಲಸಿಕೆಯಿಂದ ಹೆಸರಾದ ಜೋನಸ್ ಸಾಲ್ಕ್ ಆಗ ಅವರ ಸಂಗಡಿಗರು. 1945ರಲ್ಲಿ ಇಡೀ ಸೇನೆಗೆ ಲಸಿಕೆ ಹಾಕಲಾಯಿತು. ಫ್ಲೂ ಜ್ವರದ ಕಾಟ ಮುಗಿಯಿತೆಂದೇ ಹಲವರ ಎಣಿಕೆ.

1947ರಲ್ಲಿ ಆ ಎಣಿಕೆ ತಲೆಕೆಳಗಾಯಿತು. ಫ್ರಾನ್ಸಿಸ್ ಅವರದೇ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಲಸಿಕೆ ಪಡೆದವರೂ ಪಡೆಯದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಾಸಿಗೆ ಹಿಡಿದರು. ಲಸಿಕೆಯೇನೂ ಕೆಟ್ಟಿರಲಿಲ್ಲ. ಲಸಿಕೆ ಪಡೆದವರ ರಕ್ತದಲ್ಲಿ ಪ್ರತಿಕಾಯಗಳಿದ್ದವು. ಆದರೆ ಅವು ಗುರುತಿಸುತ್ತಿದ್ದುದು ಹಳೆಯ ವೈರಸ್ಸನ್ನು. ಹೊಸ ವೈರಸ್ಸಿನ ಹೊರಮೈಯ ಪ್ರೋಟೀನು ಬದಲಾಗಿತ್ತು. ಕಳ್ಳ ವೇಷ ಮರೆಸಿದ್ದ, ಕಾವಲುಗಾರನ ಕೈಯಲ್ಲಿದ್ದುದು ಹಳೆಯ ಭಾವಚಿತ್ರ!

ವೈರಸ್ಸಿನ ಬೆನ್ನುಹತ್ತದೆ ಲಸಿಕೆಗೆ ಉಳಿವಿಲ್ಲ ಎಂಬುದು ಆಗ ಮನದಟ್ಟಾಯಿತು. 1952ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕಾಗಿ ಪ್ರಯೋಗಾಲಯಗಳ ಜಾಲವನ್ನೇ ಕಟ್ಟಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯೂ ಅದರಲ್ಲಿದೆ. ಯಾವ ತಳಿಗಳಿಂದ ಲಸಿಕೆ ತಯಾರಿಸಬೇಕೆಂದು ವರ್ಷಕ್ಕೆರಡು ಬಾರಿ ತೀರ್ಮಾನವಾಗುತ್ತದೆ. ತಯಾರಿಕೆಗೆ ತಿಂಗಳುಗಳು ಬೇಕಾದ್ದರಿಂದ ಇದು ಮುಂಗಡದ ಅಂದಾಜು. ಅಷ್ಟರಲ್ಲಿ ವೈರಸ್ ಕೈಜಾರಿಬಿಡುವುದೂ ಉಂಟು. 2014–15ರ ಚಳಿಗಾಲದಲ್ಲಿ ಹಾಗೇ ಆಗಿ, ಅಮೆರಿಕದಲ್ಲಿ ಲಸಿಕೆಯ ರಕ್ಷಣೆ ಶೇ. 20ಕ್ಕಿಂತ ಕೆಳಗಿಳಿಯಿತು.

2021ರ ಕೊನೆಗೆ ಒಮಿಕ್ರಾನ್ ಬಂದಾಗ ಕೋವಿಡ್ ಲಸಿಕೆಗೂ ಇದೇ ಗತಿ ಒದಗಿತು, ಆದರೆ ಅರ್ಧದಷ್ಟೇ. ಸೋಂಕು ತಡೆಯುವ ಶಕ್ತಿ ತೀರಾ ಕುಗ್ಗಿತು. ಬೂಸ್ಟರ್ ಅದನ್ನು ಎತ್ತಿದರೂ ಕೆಲವೇ ತಿಂಗಳು. ಆಸ್ಪತ್ರೆ ಸೇರುವಂಥ ಉಲ್ಬಣದಿಂದ ಸಿಗುವ ರಕ್ಷಣೆ ಮಾತ್ರ ಅಷ್ಟು ಬೇಗ ಕರಗಲಿಲ್ಲ. ದೇಹದ ಟಿ ಜೀವಕೋಶಗಳು ವೈರಸ್ಸಿನಲ್ಲಿ ಬದಲಾಗದೆ ಉಳಿದ ಭಾಗಗಳನ್ನೂ ಗುರುತಿಸುತ್ತವೆ.