ಹಗೇವು, ಹುಳು ಮತ್ತು ಆರು ವಾರದ ಅಡುಗೆ

ಮನೆ ಬದಲಿಸುವುದು ನಮಗೆ ಹೊಸದಲ್ಲ. ಸಿಂಗಪುರಕ್ಕೆ ಬಂದ ಮೇಲೆ ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಡಬ್ಬಿಗಳನ್ನು ಹಾಗೆಯೇ ರಟ್ಟಿನ ಪೆಟ್ಟಿಗೆಗೆ ತುಂಬಿ, ಟೆಂಪೋ ಹತ್ತಿಸಿ, ಹೊಸ ಕಪಾಟಿನಲ್ಲಿ ಜೋಡಿಸಿದ್ದೆವು. ಈ ಸಲ ಹೊರಟಿರುವುದು ಮೆಲ್ಬರ್ನ್‌ಗೆ. ಸಾಮಾನು ಸಾಗಿಸುವ ಕಂಪನಿಯಿಂದ ಅಳತೆಗೆ ಬಂದಿದ್ದ ಹುಡುಗ ಅಡುಗೆಮನೆಯ ಕಪಾಟು ತೆರೆದು ನೋಡಿ, ನಗುತ್ತಲೇ ಬಾಗಿಲು ಮುಚ್ಚಿದ. ಊಟದ ಮೇಜು ಬರಬಹುದು, ಇಡ್ಲಿ ಪಾತ್ರೆ ತೊಳೆದು ಒಣಗಿಸಿದ್ದರೆ ಬರಬಹುದು, ತಿನ್ನುವ ಪದಾರ್ಥ ಒಂದೂ ಬೇಡ ಎಂದ. ಕಂಟೇನರ್ ಹೊರಡಲು ಆರು ವಾರ ಇತ್ತು.

ಅಂದು ರಾತ್ರಿ ಕೂತು ಪಟ್ಟಿ ಮಾಡಿದೆ. ತೊಗರಿಬೇಳೆ ಎರಡೂವರೆ ಕಿಲೋ, ಕಡಲೆಬೇಳೆ ಒಂದು, ಎರಡು ಬಗೆಯ ರವೆ, ಮೂರು ಬಗೆಯ ಅವಲಕ್ಕಿ, ಯಾರೋ ಊರಿನಿಂದ ತಂದುಕೊಟ್ಟಿದ್ದ ಒಣ ಅವರೆಕಾಳು, ಹುರುಳಿ, ಮೂರು ಪೊಟ್ಟಣ ಶ್ಯಾವಿಗೆ, ಹೆಸರೇ ಮರೆತುಹೋದ ಒಂದು ಪುಡಿ. ಪಟ್ಟಿಯ ಕೊನೆಗೆ, ಬರೆಯಲು ಮನಸ್ಸಿಲ್ಲದೆ ಬರೆದದ್ದು: ರಾಗಿ, ನಾಲ್ಕು ಕಿಲೋ.

ಆ ರಾಗಿ ಅಂಗಡಿಯದಲ್ಲ. ಅಪ್ಪನ ಹೊಲದ ಕೊನೆಯ ಬೆಳೆ. ಅದಾದ ಮೇಲೆ ಹೊಲ ಮಾರಾಟವಾಯಿತು, ಈಗ ಅಲ್ಲಿ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಮೂರು ವರ್ಷದಿಂದ ಆ ಚೀಲವನ್ನು ನಾನು ಮುಟ್ಟಿರಲಿಲ್ಲ. ಆದರೂ ಕಾಳು ಹಾಗೆಯೇ ಇತ್ತು, ಹುಳು ಹಿಡಿದಿರಲಿಲ್ಲ, ವಾಸನೆ ಬಂದಿರಲಿಲ್ಲ. ಅದರ ಪಕ್ಕದಲ್ಲಿ ಆರು ತಿಂಗಳ ಹಿಂದೆ ತಂದ ರವೆ ಗೂಡು ಕಟ್ಟಿಕೊಂಡಿತ್ತು.

ರಾಗಿಯ ಈ ಗುಣವನ್ನು ನಮ್ಮವರು ಎಂದೋ ಕಂಡುಕೊಂಡಿದ್ದರು. ಕನಕದಾಸರ 'ರಾಮಧಾನ್ಯ ಚರಿತ್ರೆ'ಯ ಕತೆ ನಮ್ಮ ಶಾಲೆಯ ಮಕ್ಕಳಿಗೆ ಗೊತ್ತು. ಲಂಕೆಯಿಂದ ಅಯೋಧ್ಯೆಗೆ ಮರಳುವ ದಾರಿಯಲ್ಲಿ ರಾಮನೆದುರು ಅಕ್ಕಿಗೂ ರಾಗಿಗೂ ಜಗಳ ಬೀಳುತ್ತದೆ: ಯಾರು ಹೆಚ್ಚು? ರಾಮ ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿರುತ್ತದೆ. ಗೆದ್ದ ರಾಗಿಗೆ ರಾಮ ತನ್ನದೇ 'ರಾಘವ' ಎಂಬ ಹೆಸರು ಕೊಡುತ್ತಾನೆ. ಉಳ್ಳವರ ಅನ್ನ, ಇಲ್ಲದವರ ಹಿಟ್ಟು ಎಂಬ ಭೇದದ ಮೇಲಿನ ಕಾವ್ಯ ಎಂದು ನಾವು ಪಾಠ ಮಾಡುತ್ತೇವೆ, ಅದು ಸರಿಯೇ. ಆದರೆ ಕಪಾಟಿನ ಮುಂದೆ ನಿಂತಾಗ ನನಗೆ ಹೊಳೆದದ್ದು, ತೀರ್ಪಿನ ಬುಡದಲ್ಲಿರುವುದು ಉಗ್ರಾಣದ ಪರೀಕ್ಷೆ ಎಂಬುದು. ಮಳೆ ಕೈಕೊಡುವ ಸೀಮೆಯ ಕವಿ ಕಾಳಿನ ದೊಡ್ಡತನ ಅಳೆಯಲು ರುಚಿಯನ್ನು ಕೇಳಲಿಲ್ಲ, ಬಣ್ಣವನ್ನು ಕೇಳಲಿಲ್ಲ. ಎಷ್ಟು ದಿನ ಬಾಳುತ್ತೀಯ ಎಂದು ಕೇಳಿದ.

ಬಯಲುಸೀಮೆಯಲ್ಲಿ ರಾಗಿಯ ಸೆರೆಮನೆ ನಿಜವಾಗಿಯೂ ಇತ್ತು. ಅದೇ ಹಗೇವು. ಗಟ್ಟಿ ನೆಲ ನೋಡಿ ತೋಡಿದ ಗುಂಡಿ. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಗುಡಾಣದ ಹೊಟ್ಟೆಯಂತೆ ಅಗಲ. ತಳಕ್ಕೂ ಗೋಡೆಗೂ ಹುಲ್ಲು ಒತ್ತಿ, ಕಾಳು ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಕಲ್ಲುಚಪ್ಪಡಿ ಮುಚ್ಚಿ, ಮಣ್ಣಿನಿಂದ ಮೆತ್ತಿಬಿಡುತ್ತಿದ್ದರು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹೀಗೆ ನೆಲದಡಿ ಇಡುವುದನ್ನು ಬರೆದಿಟ್ಟಿದ್ದಾನೆ. ಗುಂಡಿಯೊಳಗಿನ ಕಾಳು ಮೆಲ್ಲನೆ ಉಸಿರಾಡುತ್ತದೆ, ಇದ್ದಷ್ಟು ಆಮ್ಲಜನಕ ಮುಗಿಯುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಒಳಗೆ ಹುಳು ಇದ್ದರೂ ಉಸಿರುಕಟ್ಟಿ ಸಾಯುತ್ತದೆ. ಮನುಷ್ಯರಿಗೂ ಅದೇ ಗತಿ. ಹಗೇವು ತೆರೆದ ದಿನ ಯಾರನ್ನೂ ಇಳಿಸುತ್ತಿರಲಿಲ್ಲವಂತೆ. ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಅಪ್ಪ ಚಿಕ್ಕವನಿದ್ದಾಗ ಆ ದೀಪ ಹಿಡಿದು ನಿಂತದ್ದನ್ನು ಹತ್ತು ಸಲ ಹೇಳಿದ್ದಾನೆ. ನಮ್ಮ ಮನೆ ಮುಂದಿನ ಹಗೇವಿನ ಮೇಲೆ ಈಗ ಕಾಂಕ್ರೀಟ್ ರಸ್ತೆ ಇದೆ.

ಬೇರೆ ಸೀಮೆಗಳಲ್ಲಿ ಬೇರೆ ಉಪಾಯ. ಕರಾವಳಿಯಲ್ಲಿ ಬೈಹುಲ್ಲಿನ ಹಗ್ಗ ಬಿಗಿದ ಅಕ್ಕಿಮುಡಿ, ಮಲೆನಾಡಿನಲ್ಲಿ ಮರದ ಪಣತ, ಬೇರೆಡೆ ಸಗಣಿ ಸಾರಿಸಿದ ಬಿದಿರ ಕಣಜ. ಹಗೇವು ಮಾತ್ರ ಹೊತ್ತೊಯ್ಯಲಾಗದ ಉಗ್ರಾಣ. ಊರು ಬಿಡುವವರು ಅದನ್ನು ಬಿಟ್ಟೇ ಹೋಗಬೇಕು.

ಹಾಗೆ ಬಿಟ್ಟುಹೋದ ಕಾಲವೂ ಬಂತು. 1875ರಲ್ಲಿ ಮಳೆ ಸೋತಿತು, 1876ರಲ್ಲಿ ಮತ್ತೆ ಸೋತಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಇದ್ದಬದ್ದ ಸಂಗ್ರಹ ಮುಗಿದು, ಜನ ಮನೆಗೆ ಬಾಗಿಲೆಳೆದುಕೊಂಡು ಗಂಜಿ ಕೇಂದ್ರಗಳ ಕಡೆ ನಡೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50.55 ಲಕ್ಷ. 1881ರಲ್ಲಿ 41.86 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಾಗಿದ್ದ ಲೆಕ್ಕ 8 ಲಕ್ಷಕ್ಕೂ ಮಿಕ್ಕಿ ಇಳಿದಿತ್ತು. ಅಜ್ಜಿಯರು ಅಕ್ಕಿ ಆರಿಸುವಾಗ ನೆಲಕ್ಕೆ ಬಿದ್ದ ಒಂದೊಂದು ಕಾಳನ್ನೂ ಹೆಕ್ಕುತ್ತಿದ್ದುದನ್ನು ಜಿಪುಣತನ ಎಂದು ನಗುತ್ತಿದ್ದೆವಲ್ಲ, ಅವರ ಅಜ್ಜಿಯರು ಆ ಹತ್ತು ವರ್ಷ ದಾಟಿ ಬಂದವರು.

ಇನ್ನು ನಮ್ಮ ಕಪಾಟಿಗೆ ಬೀಗ ಜಡಿದ ಹುಳುವಿನ ವಿಷಯ. ಅದರ ಹೆಸರು ಖಾಪ್ರಾ. ಮೂಲ ನಮ್ಮ ಭಾರತ ಉಪಖಂಡವೇ. ರೋಮ ರೋಮದ ಸಣ್ಣ ಮರಿಹುಳು, ಗೋಡೆಯ ಸಂದಿಯಲ್ಲಿ, ಪೆಟ್ಟಿಗೆಯ ಮಡಿಕೆಯಲ್ಲಿ ಅಡಗಿ, ತಿನ್ನಲು ಏನೂ ಸಿಗದಿದ್ದರೂ ವರ್ಷಗಟ್ಟಲೆ ನಿದ್ದೆ ಮಾಡಿ ಬದುಕುತ್ತದೆ. 1953ರಲ್ಲಿ ಇದು ಕ್ಯಾಲಿಫೋರ್ನಿಯಾದ ಒಂದು ಧಾನ್ಯದ ಗೋದಾಮಿನಲ್ಲಿ ಸಿಕ್ಕಿತು. ಇಡೀ ಕಟ್ಟಡಗಳಿಗೆ ಟಾರ್ಪಾಲಿನ ಮುಸುಕು ಹಾಕಿ ವಿಷದ ಹೊಗೆ ಬಿಟ್ಟು, ಅದನ್ನು ಆ ದೇಶದಿಂದ ಅಳಿಸಲು ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಆಸ್ಟ್ರೇಲಿಯಾದ ಅನುಭವ ನಮಗೆ ಇನ್ನೂ ಹತ್ತಿರದ್ದು. 2007ರಲ್ಲಿ ಪರ್ತ್ ನಗರದಲ್ಲಿ ಬ್ರಿಟನ್ನಿನಿಂದ ವಲಸೆ ಬಂದ ಒಂದು ಕುಟುಂಬದ ಮನೆಸಾಮಾನಿನಲ್ಲಿ ಈ ಹುಳು ಕಂಡಿತು. ಇಡೀ ಮನೆಗೆ ಗುಡಾರ ಹೊದಿಸಿ ಹೊಗೆ ಹಾಕಿದರು. 2020ರಲ್ಲಿ ಹೊಸ ಫ್ರಿಜ್ಜಿನ ಪ್ಯಾಕಿಂಗ್ ಒಳಗೂ ಸಿಕ್ಕಿತು. ಗೋಧಿ ರಫ್ತಿನ ಮೇಲೆ ನಿಂತ ದೇಶ, ಸುಮ್ಮನಿರುತ್ತದೆಯೇ? ಅದೇ ವರ್ಷ ಅಕ್ಟೋಬರಿನಿಂದ ಅಕ್ಕಿ, ಕಡಲೆ, ಒಣ ಕಾಳು, ಜೀರಿಗೆ, ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿ ಮೊದಲಾದವನ್ನು ಪ್ರಯಾಣಿಕರ ಚೀಲದಲ್ಲಾಗಲಿ ಮನೆಸಾಮಾನಿನಲ್ಲಾಗಲಿ ತರುವಂತಿಲ್ಲ ಎಂದಿತು. ಪಟ್ಟಿ ಓದಿದರೆ ಯಾರೋ ನಮ್ಮ ಸಾಂಬಾರ್ ಡಬ್ಬಿಯನ್ನು ಮುಂದಿಟ್ಟುಕೊಂಡು ಬರೆದಂತಿದೆ. ಮೊದಲು ಸಿಟ್ಟು ಬಂತು. ಪರ್ತ್‌ನ ಗುಡಾರದ ಮನೆಯ ಕತೆ ಓದಿದ ಮೇಲೆ ಇಳಿಯಿತು. ಹುಳುವಿನಿಂದ ಕಾಳು ಕಾಯುವ ಕಷ್ಟ ನಮಗೆ ತಿಳಿಯದ್ದೇನಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟುವುದು, ಬೇಳೆಗೆ ಹರಳೆಣ್ಣೆ ಸವರುವುದು, ಅಕ್ಕಿಯ ಡಬ್ಬಿಗೆ ಬೇವಿನ ಸೊಪ್ಪು, ಬಿತ್ತನೆ ಬೀಜಕ್ಕೆ ಬೂದಿ, ಎಲ್ಲವೂ ಅದೇ ಯುದ್ಧದ ಆಯುಧಗಳೇ.

ಸರಿ, ತಿಂದು ಮುಗಿಸಬೇಕು. ಮೊದಲ ಎರಡು ವಾರ ಹಬ್ಬ. ಬಿಸಿಬೇಳೆಬಾತು, ಹುರುಳಿ ಬಸ್ಸಾರು, ಅವರೆಕಾಳು ಉಪ್ಪಿಟ್ಟು. ಮೂರನೆಯ ವಾರದಿಂದ ನಿಜವಾದ ಅಡುಗೆ ಶುರು. ಇದ್ದುದರಲ್ಲಿ ಹೊಂದಿಸುವ ವಿದ್ಯೆ ಸಣ್ಣದಲ್ಲ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಯ ಅಕ್ಕಿ ನಿಂತಾಗ, ಬೆಂಗಳೂರಿನ ಎಂಟಿಆರ್ ಇಡ್ಲಿಯನ್ನು ರವೆಯಲ್ಲಿ ಮಾಡಿ ನೋಡಿತು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಎಂದು ಅವರು ಹೇಳಿಕೊಂಡು ಬಂದಿದ್ದಾರೆ. ಅದೇ ವರ್ಷಗಳಲ್ಲಿ, ನಾನೀಗ ಕೂತು ಬರೆಯುತ್ತಿರುವ ಈ ಸಿಂಗಪುರದಲ್ಲಿ ಜನ ಮರಗೆಣಸು, ಸಿಹಿಗೆಣಸು ಬೆಳೆದು ತಿಂದು ಜೀವ ಹಿಡಿದರು. 1942ರ ಫೆಬ್ರವರಿಯಲ್ಲಿ ಊರು ಜಪಾನೀಯರ ವಶವಾದ ಮೇಲೆ ಮೂರೂವರೆ ವರ್ಷ ಅದೇ ಪಾಡು. ನಮ್ಮ ಮಹಡಿಯ ವೃದ್ಧ ಚೀನೀ ನೆರೆಯವರು ಈಗಲೂ ಮರಗೆಣಸಿನ ತಿಂಡಿ ಮುಟ್ಟುವುದಿಲ್ಲ, ಬಾಲ್ಯದಲ್ಲೇ ಸಾಕಾಗಿದೆ ಎನ್ನುತ್ತಾರೆ. ನಮ್ಮ ಮನೆಯ ಕಷ್ಟ ಅದರ ಮುಂದೆ ಆಟಿಕೆ. ಎಲ್ಲ ಬೇಳೆಗಳ ತಳ ಸೇರಿಸಿ ನುಚ್ಚಿನುಂಡೆ ಮಾಡಿದೆವು. ಮೂರೂ ಅವಲಕ್ಕಿ ಸೇರಿ ಒಂದು ಗೊಜ್ಜವಲಕ್ಕಿ ಆಯಿತು. ಹೆಸರು ಮರೆತ ಪುಡಿಯನ್ನು ಸಾರಿಗೆ ಹಾಕಿದಾಗ ಮೆಂತ್ಯದ ಹಿಟ್ಟು ಎಂದು ಗೊತ್ತಾಯಿತು. ತಡವಾಗಿ ಗೊತ್ತಾಯಿತು.

ರಾಗಿಯನ್ನು ಕೊನೆಗೆ ಇಟ್ಟೆ. ಮನಸ್ಸು ಬರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ, ಏನಾದರೂ ಮಾಡಿ ಒಂದು ಡಬ್ಬಿ ಒಯ್ಯಲೇ ಎಂದು. ಬೇಡ ಎಂದ. ರಾಗಿಯೇನು ನಮ್ಮೂರಲ್ಲಿ ಹುಟ್ಟಿದ್ದೇ, ಅದೂ ಎಲ್ಲಿಂದಲೋ ಬಂದದ್ದು ಎಂದ. ನಿಜ. ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ ಮೊದಲು ಬೆಳೆಯಾಗಿ, ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದ ಕಾಳು ಅದು. ಮಂಡ್ಯದ ವಿ.ಸಿ. ಫಾರಂನಲ್ಲಿ 'ರಾಗಿ' ಲಕ್ಷ್ಮಣಯ್ಯನವರು ನಮ್ಮ ತಳಿಗೂ ಆಫ್ರಿಕಾದ ತಳಿಗೂ ಸಂಬಂಧ ಕೂಡಿಸಿ ಹೊಸ ತಳಿಗಳನ್ನು ತಂದರು, ಇಂಡಿಯಾ, ಆಫ್ರಿಕಾ ಎರಡೂ ಸೇರಿ 'ಇಂಡಾಫ್' ಎಂಬ ಹೆಸರು. ಅಪ್ಪ ಬಿತ್ತುತ್ತಿದ್ದುದು ವರ್ಷಗಟ್ಟಲೆ ಅದನ್ನೇ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. "ಹುರಿಹಿಟ್ಟು ಮಾಡ್ಕೋ, ದಾರಿಗಾಗುತ್ತೆ" ಎಂದು ಇಟ್ಟುಬಿಟ್ಟ.

ಹಾಗೆಯೇ ಮಾಡಿದೆ. ಕಾಳಿಗೆ ನೀರು ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳಿಸಿ, ಮಿಕ್ಸಿಗೆ ಹಾಕಿ ಜರಡಿ ಹಿಡಿದೆ. ಹೊಗೆ ಎಚ್ಚರಿಕೆಯ ಗಂಟೆ ಎರಡು ಸಲ ಹೊಡೆದುಕೊಂಡಿತು. ಉಳಿದದ್ದರಲ್ಲಿ ಐದು ರಾತ್ರಿ ಮುದ್ದೆ. ಮುದ್ದೆ ಎಂದರೆ ಮುಖ ತಿರುಗಿಸುವ ಮಗಳು ನಾಲ್ಕನೆಯ ರಾತ್ರಿ ಇನ್ನರ್ಧ ಕೇಳಿದಳು. ಹುರಿಹಿಟ್ಟನ್ನು ವಿಮಾನದಲ್ಲೇ ಮುಗಿಸುವುದೆಂದು ನಿರ್ಧಾರವಾಗಿದೆ, ಇಳಿಯುವಾಗ ಡಬ್ಬಿ ಖಾಲಿ ಇರಬೇಕು.

ಒಂದು ಹಿಡಿ ಮಾತ್ರ ಅರಳಿಸದೆ ಉಳಿಸಿಕೊಂಡಿದ್ದೆ. ಅದನ್ನು ಹೋದ ಶನಿವಾರ ನಮ್ಮ ಶಾಲೆಯ ಮಕ್ಕಳು ಎರಡು ಕುಂಡಗಳಲ್ಲಿ ಬಿತ್ತಿದ್ದಾರೆ. ಒಂದು ತರಗತಿಯ ಕಿಟಕಿಯಲ್ಲಿದೆ, ಇನ್ನೊಂದು ಪೋಷಕರೊಬ್ಬರ ಬಾಲ್ಕನಿಯಲ್ಲಿ. ಐದನೆಯ ದಿನಕ್ಕೆ ಮೊಳಕೆ ಬಂದಿದೆ ಎಂದು ಫೋಟೋ ಕಳಿಸಿದ್ದರು. ನೀರು ಹಾಕುವ ಸರದಿಯ ಚೀಟಿ ಬೋರ್ಡಿನ ಪಕ್ಕ ಅಂಟಿಸಿದೆ. ಈ ತಿಂಗಳು ಮೂರನೆಯ ಹಂತದ ಮಕ್ಕಳದ್ದು.