ಪದಬಂಧದಲ್ಲಿ ಸಿಕ್ಕಿಬಿದ್ದ ಯುದ್ಧರಹಸ್ಯ

1944ರ ಮೇ ತಿಂಗಳು. ಹಿಟ್ಲರನ ಹಿಡಿತದಲ್ಲಿದ್ದ ಫ್ರಾನ್ಸಿಗೆ ನುಗ್ಗಲು ಮಿತ್ರಪಡೆಗಳು ಇಂಗ್ಲೆಂಡಿನಲ್ಲಿ ಸಜ್ಜಾಗುತ್ತಿದ್ದವು. ಯಾವ ತೀರಕ್ಕೆ, ಯಾವ ದಿನ ಎಂಬುದು ಆಯ್ದ ಕೆಲವರಿಗಷ್ಟೇ ಗೊತ್ತಿತ್ತು. ಅದೇ ಹೊತ್ತಿಗೆ ಲಂಡನ್ನಿನ 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಪದಬಂಧದಲ್ಲಿ ಆ ದಾಳಿಯ ಗುಪ್ತನಾಮಗಳು ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದವು!

ಮೇ 2ರಂದು 'ಯೂಟಾ', 22ರಂದು 'ಒಮಾಹಾ'. ಇವೆರಡೂ ಅಮೆರಿಕದ ಪಡೆಗಳು ಇಳಿಯಬೇಕಿದ್ದ ಕಡಲತೀರಗಳ ಹೆಸರುಗಳು. 27ರಂದು ಇಡೀ ಕಾರ್ಯಾಚರಣೆಯ ಹೆಸರಾದ 'ಓವರ್‌ಲಾರ್ಡ್', 30ರಂದು ಕೃತಕ ಬಂದರುಗಳ ಗುಪ್ತನಾಮ 'ಮಲ್‌ಬೆರಿ', ಜೂನ್ 1ರಂದು ನೌಕಾದಾಳಿಯ 'ನೆಪ್ಚೂನ್'. ಗುಪ್ತಚರ ಸಂಸ್ಥೆ ಎಂಐ-5 ಬೆಚ್ಚಿಬಿದ್ದುದರಲ್ಲಿ ಆಶ್ಚರ್ಯವೇನು?

ಪದಬಂಧಕ್ಕೆ ಆಗ ವಯಸ್ಸು ಮೂವತ್ತಷ್ಟೇ. ಲಿವರ್‌ಪೂಲ್ ಮೂಲದ ಆರ್ಥರ್ ವಿನ್ ರಚಿಸಿದ ವಜ್ರಾಕಾರದ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂದಿತ್ತು. 1925ರಲ್ಲಿ ಅದು 'ಟೆಲಿಗ್ರಾಫ್' ಪುಟಕ್ಕೂ ಕಾಲಿಟ್ಟಿತು. ಇಂಗ್ಲಿಷರ ಕೈಯಲ್ಲಿ ಅದರ ಸುಳಿವುಗಳು ಒಗಟುಗಳಾದವು. ಅರ್ಥವನ್ನು ನೇರವಾಗಿ ಹೇಳದೆ, ಜನರ ಬಾಯಲ್ಲಿ ಸವೆದ ಮಾತುಗಳನ್ನೇ ತಿರುಚಿ ಓದುಗನ ದಾರಿ ತಪ್ಪಿಸುವುದು ಅವರ ಪದ್ಧತಿ.

'ಮಲ್‌ಬೆರಿ'ಯನ್ನೇ ನೋಡಿ. ಅದು ನಮ್ಮ ರೇಷ್ಮೆ ಬೆಳೆಗಾರರ ಹಿಪ್ಪುನೇರಳೆ. ಅದರ ಪೊದೆಯನ್ನು ಸುತ್ತುವ ಆಟದ ಹಾಡು ಇಂಗ್ಲೆಂಡಿನ ಪ್ರತಿ ಮಗುವಿಗೂ ಗೊತ್ತು. ಪದಬಂಧ ಕೇಳಿದ್ದು ಶಿಶುಗಳ 'ರೆವಲ್ಯೂಷನ್'ಗಳ ನಡುವೆ ನಿಂತ ಪೊದೆ ಯಾವುದೆಂದು. ರೆವಲ್ಯೂಷನ್ ಎಂದರೆ ಕ್ರಾಂತಿಯೂ ಹೌದು, ಸುತ್ತುವುದೂ ಹೌದು. ಕ್ರಾಂತಿಯ ಜಾಡು ಹಿಡಿದವನು ಕೆಟ್ಟ. ಹಾಡು ನೆನೆದವನು ಗೆದ್ದ. 'ನೆಪ್ಚೂನ್'ಗೆ ಸುಳಿವು, ಬ್ರಿಟಾನಿಯಾ ದೇವಿಯ ಕೈಯಲ್ಲಿರುವುದನ್ನೇ ಹಿಡಿದವನು ಎಂದು. ಇಬ್ಬರ ಕೈಯಲ್ಲೂ ಇರುವುದು ತ್ರಿಶೂಲ.

ಈ ಪದಬಂಧಗಳ ಕರ್ತೃ ಲಿಯೊನಾರ್ಡ್ ಡಾವ್, ಸ್ಟ್ರಾಂಡ್ ಶಾಲೆಯ ಮುಖ್ಯೋಪಾಧ್ಯಾಯರು. ಯುದ್ಧದ ಕಾರಣ ಶಾಲೆ ಲಂಡನ್ ಬಿಟ್ಟು ಸರ್ರೆ ಪ್ರಾಂತದ ಎಫಿಂಗ್‌ಹ್ಯಾಮ್‌ಗೆ ಸ್ಥಳಾಂತರಗೊಂಡಿತ್ತು. ಅಧಿಕಾರಿಗಳು ಅಲ್ಲಿಗೆ ಬಂದು ಅವರನ್ನು ಜಾಲಾಡಿದರು. ಈ ಪದಗಳೇ ಏಕೆ? ಡಾವ್ ಅವರ ಬಳಿ ಉತ್ತರವಿರಲಿಲ್ಲ. ಕಾಕತಾಳೀಯವೆಂದು ಕೊನೆಗೆ ಅವರನ್ನು ಬಿಟ್ಟರು. ಜೂನ್ 6ರಂದು ಸುಮಾರು ಒಂದೂವರೆ ಲಕ್ಷ ಸೈನಿಕರು ನಾರ್ಮಂಡಿಯಲ್ಲಿ ಇಳಿದರು. ರಹಸ್ಯ ಉಳಿದಿತ್ತು.

ಕಥೆಗೆ ತಿರುವು ಸಿಕ್ಕಿದ್ದು 1984ರಲ್ಲಿ. ಡಾವ್ ತೀರಿಹೋಗಿ ಎರಡು ದಶಕ ಕಳೆದಿತ್ತು. ಅವರ ಹಳೆಯ ವಿದ್ಯಾರ್ಥಿ ರೊನಾಲ್ಡ್ ಫ್ರೆಂಚ್ ಬಾಯಿಬಿಟ್ಟರು. ಪದಬಂಧದ ಮನೆಗಳನ್ನು ತುಂಬುವ ಕೆಲಸವನ್ನು ಮೇಷ್ಟ್ರು ಹುಡುಗರಿಗೇ ಕೊಡುತ್ತಿದ್ದರಂತೆ. ಆಮೇಲೆ ಅವುಗಳಿಗೆ ಸುಳಿವು ಹೊಸೆಯುವುದಷ್ಟೇ ಅವರ ಪಾಲು. ಶಾಲೆಯ ಹತ್ತಿರವೇ ಬೀಡುಬಿಟ್ಟಿದ್ದ ಸೈನಿಕರ ಬಾಯಲ್ಲಿ ಹುಡುಗ ಈ ಹೆಸರುಗಳನ್ನು ಕೇಳಿ ಪುಸ್ತಕದಲ್ಲಿ ಗೀಚಿಕೊಂಡಿದ್ದನಂತೆ. ವಿಚಾರಣೆಯ ನಂತರ ಮೇಷ್ಟ್ರು ಆ ಪುಸ್ತಕಗಳನ್ನು ಸುಡಿಸಿ, ಬಾಯಿಬಿಡದಂತೆ ಬೈಬಲ್ ಮೇಲೆ ಆಣೆ ಹಾಕಿಸಿದರಂತೆ.

ಇದು ಒಬ್ಬರ ನೆನಪು. ಪೂರ್ತಿ ನಂಬದವರೂ ಇದ್ದಾರೆ. ನಿಜವಾಗಿದ್ದರೆ, ಗುಪ್ತಚರರು ಹುಡುಕಿದ್ದ ಉತ್ತರ ಪದಬಂಧದಲ್ಲಿರಲಿಲ್ಲ. ಅದು ಪಕ್ಕದ ತರಗತಿಯ ಬೆಂಚಿನ ಮೇಲೆ ಕುಳಿತಿತ್ತು.