ಉಡ್ಜುಂಗ್ವಾ ಪರ್ವತಗಳ ಅರಣ್ಯ ಚಾರಣ

ಉಡ್ಜುಂಗ್ವಾ: ಪೂರ್ವ ಆಫ್ರಿಕದ ಟಾಂಜಾನಿಯ ದೇಶದ ದಕ್ಷಿಣ-ಮಧ್ಯ ಭಾಗದಲ್ಲಿರುವ ಪರ್ವತಶ್ರೇಣಿ. ಕೀನ್ಯದ ಟೈಟಾ ಬೆಟ್ಟಗಳಿಂದ ಹೊರಟು ಟಾಂಜಾನಿಯದೊಳಕ್ಕೆ ಬಾಗಿ ಬರುವ 13 ಪರ್ವತ ಸಮೂಹಗಳಿಗೆ ಒಟ್ಟಾಗಿ ಪೂರ್ವ ಕಮಾನು ಎಂದು ಹೆಸರು. ಆ ಸಾಲಿನ ದಕ್ಷಿಣ ತುದಿಯಲ್ಲಿರುವ ಉಡ್ಜುಂಗ್ವಾ ವಿಸ್ತಾರದಲ್ಲಿ ಎಲ್ಲಕ್ಕಿಂತ ದೊಡ್ಡದು. ಶ್ರೇಣಿಯ ಈಶಾನ್ಯ ಭಾಗದ 1,990 ಚ.ಕಿ.ಮೀ. ಪ್ರದೇಶವನ್ನು 1992ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅತ್ಯುನ್ನತ ಶಿಖರ ಲುಹೊಮೆರೊ, ಎತ್ತರ 2,576 ಮೀ. ಇದು ವಾಹನದಲ್ಲಿ ಸುತ್ತಿ ಪ್ರಾಣಿಗಳನ್ನು ನೋಡುವ ಉದ್ಯಾನವಲ್ಲ. ಕಾಡಿನೊಳಗೆ ಸಂಚಾರಕ್ಕೆ ರಸ್ತೆಗಳಿಲ್ಲ. ನೋಡಬೇಕಾದದ್ದನ್ನೆಲ್ಲ ನಡೆದೇ ನೋಡಬೇಕು.

ಕಿಲಿಮಂಜಾರೊ ಏರುವವರೂ ಮಳೆಕಾಡಿನ ಪಟ್ಟಿಯೊಂದನ್ನು ದಾಟುತ್ತಾರೆ. ಅಲ್ಲಿ ಅದು ಶಿಖರದ ದಾರಿಯ ಮೊದಲ ಹಂತ ಮಾತ್ರ, ಅದರ ಕೆಳಗಿನ ಇಳಿಜಾರೆಲ್ಲ ಹೊಲ ತೋಟಗಳ ಪಾಲು. ಉಡ್ಜುಂಗ್ವಾದ ಪೂರ್ವದ ಇಳಿಜಾರಿನಲ್ಲಿ ಕಾಡು ಸುಮಾರು 250 ಮೀ. ಎತ್ತರದಲ್ಲಿ ತೊಡಗಿ 2,000 ಮೀ. ದಾಟುವವರೆಗೂ ಕಡಿಯದೆ ಮೇಲೇರುತ್ತದೆ. ಪೂರ್ವ ಆಫ್ರಿಕದಲ್ಲಿ ಇಂಥ ಅಖಂಡ ಏರುಕಾಡು ಬೇರೆಲ್ಲೂ ಉಳಿದಿಲ್ಲವೆಂಬುದು ಸಾಮಾನ್ಯ ಅಭಿಪ್ರಾಯ. ಎಲ್ಲೆಡೆಯೂ ಮೊದಲು ಕೊಡಲಿಗೆ ಸಿಗುವುದು ತಗ್ಗಿನ ಕಾಡು. ಇಲ್ಲಿ ಅದು ಉಳಿದಿದೆ ಎನ್ನುವುದೇ ಈ ಚಾರಣಗಳ ಮುಖ್ಯ ಮಹತ್ತ್ವ, ಶಿಖರಗಳ ಎತ್ತರವಲ್ಲ.

ಬಂಡೆ ಮತ್ತು ಮಳೆ

ಕಿಲಿಮಂಜಾರೊ ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯ ಜ್ವಾಲಾಮುಖಿ. ಉಡ್ಜುಂಗ್ವಾ ಹಾಗಲ್ಲ. ಕೇಂಬ್ರಿಯನ್ ಪೂರ್ವದ ರೂಪಾಂತರ ಶಿಲೆಗಳು ಸ್ತರಭಂಗಗಳ ಗುಂಟ ಮೇಲೆದ್ದು, ಕೋಟ್ಯಂತರ ವರ್ಷ ಸವೆದು ಇಂದಿನ ಆಕಾರಕ್ಕೆ ಬಂದಿವೆ. ಪೂರ್ವಕ್ಕೆ ಕಿಲೊಂಬೆರೊ ಕಣಿವೆಯ ಮೇಲೆ ಗೋಡೆಯಂತೆ ಎದ್ದಿರುವ ಶ್ರೇಣಿ ಪಶ್ಚಿಮಕ್ಕೆ ಇರಿಂಗಾ ಪ್ರಸ್ಥಭೂಮಿಯೊಂದಿಗೆ ಬೆರೆತುಹೋಗುತ್ತದೆ.

ಹಿಂದೂ ಮಹಾಸಾಗರದಿಂದ ಬರುವ ಗಾಳಿ ಈ ಗೋಡೆಗೆ ಬಡಿದು ಮಳೆ ಸುರಿಸುತ್ತದೆ. ಸಹ್ಯಾದ್ರಿಯನ್ನು ಬಲ್ಲ ಓದುಗರು ದಿಕ್ಕನ್ನು ಅದಲುಬದಲು ಮಾಡಿಕೊಂಡರೆ ಸಾಕು. ಇಲ್ಲಿ ಕಡಲಿರುವುದು ಪೂರ್ವಕ್ಕೆ, ಆದ್ದರಿಂದ ಪೂರ್ವದ ಮುಖ ಮಳೆಕಾಡು, ಬೆನ್ನಿನ ಕಡೆ ಮಳೆನೆರಳಿನ ಒಣ ಮಿಯೊಂಬೊ ಕಾಡು. ಪೂರ್ವದ ಇಳಿಜಾರಿನಲ್ಲಿ ವರ್ಷಕ್ಕೆ ಸುಮಾರು 2,000 ಮಿ.ಮೀ. ಮಳೆಯಾಗುತ್ತದೆ. ನವೆಂಬರಿನಿಂದ ಮೇವರೆಗೆ ಮಳೆಗಾಲ. ಉಳಿದ ತಿಂಗಳುಗಳಲ್ಲೂ ಮೇಲಿನ ಕಾಡಿಗೆ ಮಂಜಿನ ತೇವ ತಪ್ಪುವುದಿಲ್ಲ.

ಹಿಮಯುಗಗಳಲ್ಲಿ ಆಫ್ರಿಕದ ಒಳನಾಡು ಒಣಗಿ ಕಾಡುಗಳು ಕುಗ್ಗಿದಾಗಲೂ ಹಿಂದೂ ಮಹಾಸಾಗರದ ಈ ಭಾಗ ಹೆಚ್ಚು ತಣ್ಣಗಾಗಲಿಲ್ಲ, ಮಳೆ ತರುವ ಗಾಳಿ ನಿಲ್ಲಲಿಲ್ಲ ಎಂದು ವಿದ್ವಾಂಸರು ಊಹಿಸುತ್ತಾರೆ. ಪೂರ್ವ ಕಮಾನಿನ ಕಾಡುಗಳು ಅಷ್ಟು ದೀರ್ಘಕಾಲ ಹಸಿರಾಗಿಯೇ ಉಳಿದುದಕ್ಕೆ ಇದು ಇಂದು ಹೆಚ್ಚು ಒಪ್ಪಿಗೆಯಾದ ವಿವರಣೆ. ಹೊರಗೆ ಅಳಿದುಹೋದ ಜೀವಿಗಳು ಇಲ್ಲಿ ಉಳಿದುದೂ, ಒಂದೊಂದು ಬೆಟ್ಟದಲ್ಲಿ ಬೇರೆ ಬೇರೆ ಜಾತಿಗಳು ರೂಪುಗೊಂಡುದೂ ಈ ಸ್ಥಿರತೆಯಿಂದಲೇ ಇರಬೇಕು.

ಸಾಂಜೆ ದಾರಿ

ಉದ್ಯಾನದ ಮುಖ್ಯ ಕಚೇರಿ ಮಾಂಗುಲಾ ಎಂಬ ಊರಿನಲ್ಲಿದೆ. ಮಿಕುಮಿಯಿಂದ ಇಫಕಾರಾಕ್ಕೆ ಹೋಗುವ ರಸ್ತೆ ಉದ್ಯಾನದ ಅಂಚಿನಲ್ಲೇ ಸಾಗುತ್ತದೆ. 1970ರ ದಶಕದಲ್ಲಿ ಚೀನದ ನೆರವಿನಿಂದ ಕಟ್ಟಿದ ಟಾಂಜಾನಿಯ-ಜಾಂಬಿಯ ರೈಲುಮಾರ್ಗವೂ ಕಿಲೊಂಬೆರೊ ಕಣಿವೆಯಲ್ಲೇ ಹಾದಿದೆ. ರಸ್ತೆಯ ಒಂದು ಬದಿಗೆ ಕಬ್ಬು ಮತ್ತು ಭತ್ತದ ಬಯಲು, ಇನ್ನೊಂದು ಬದಿಗೆ ನೇರವಾಗಿ ಕಾಡು. ನಡುವೆ ಕುರುಚಲಿನ ಅಂಚು ಎಂಬುದೇ ಇಲ್ಲದಿರುವುದು ಇಲ್ಲಿಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಸಂಗತಿ.

ಹೆಚ್ಚಿನವರು ನಡೆಯುವುದು ಮಾಂಗುಲಾದ ಉತ್ತರಕ್ಕಿರುವ ಸಾಂಜೆ ಹಳ್ಳಿಯಿಂದ ಹೊರಡುವ ಜಲಪಾತದ ದಾರಿಯನ್ನು. ಸಾಂಜೆ ನದಿ ಮೂರು ಹಂತಗಳಲ್ಲಿ ಒಟ್ಟು ಸುಮಾರು 170 ಮೀ. ಧುಮುಕುತ್ತದೆ. ಹೋಗಿ ಬರಲು ಅರ್ಧ ದಿನ ಸಾಕು, ಆದರೆ ಏರು ಕಡಿದಾಗಿದೆ. ಒದ್ದೆ ತರಗೆಲೆ ಹಾಸಿದ ಕೆಮ್ಮಣ್ಣಿನಲ್ಲಿ ಏರುವಾಗಿನದಕ್ಕಿಂತ ಇಳಿಯುವಾಗ ಕಾಲು ಹೆಚ್ಚು ಜಾರುತ್ತದೆ. ತಗ್ಗಿನಲ್ಲಿ ಹಲಸಿನ ಬಳಗಕ್ಕೆ ಸೇರಿದ ಟ್ರೆಕ್ಯುಲಿಯಾ ಮರಗಳಿವೆ. ಅವುಗಳ ಭಾರಿ ದುಂಡು ಕಾಯಿಗಳು ದಾರಿಯ ಪಕ್ಕದಲ್ಲೇ ಬಿದ್ದು ಕೊಳೆಯುತ್ತವೆ. ಹಲಗೆಯಂಥ ಆನಿಕೆ ಬೇರು ಬಿಟ್ಟ ದೊಡ್ಡ ಮರಗಳ ನಡುವೆ ಬಿಸಿಲು ಚುಕ್ಕಿ ಚುಕ್ಕಿಯಾಗಿ ಮಾತ್ರ ನೆಲ ಮುಟ್ಟುತ್ತದೆ. ಮಂಗಟ್ಟೆ ಹಕ್ಕಿಗಳು ಕಾಣುವ ಮೊದಲೇ ಅವುಗಳ ರೆಕ್ಕೆಯ ಭಾರವಾದ ಸದ್ದು ಕೇಳಿಸುತ್ತದೆ.

ಕೆಂಪು ಕೊಲೊಬಸ್ ಕೋತಿಗಳ ಗುಂಪು ಕಾಣದೆ ಹಿಂದಿರುಗುವವರು ಕಡಿಮೆ. ಈ ಜಾತಿ ಉಡ್ಜುಂಗ್ವಾ ಮತ್ತು ಅದರ ಆಸುಪಾಸಿನ ಕಾಡುಗಳಲ್ಲಿ ಮಾತ್ರ ಇದೆ. ಎಲೆ ತಿನ್ನುವ ಕೋತಿಯಾದುದರಿಂದ ನಮ್ಮ ಮುಸುವದ ದೂರದ ನೆಂಟ. ಹೆಬ್ಬೆರಳು ಬಹುಮಟ್ಟಿಗೆ ಇಲ್ಲವೆನ್ನುವಷ್ಟು ಸಣ್ಣದು. ಅದರ ಜೊತೆಯಲ್ಲೇ ಕಪ್ಪು ಬಿಳುಪಿನ ಅಂಗೋಲ ಕೊಲೊಬಸ್ ಮತ್ತು ಸೈಕ್ಸ್ ಕೋತಿಗಳೂ ಒಂದೇ ಮರದಲ್ಲಿ ಕಾಣುವುದುಂಟು.

ಜಲಪಾತದ ತುಂತುರು ಸದಾ ತೋಯಿಸುವ ಬಂಡೆಗಳ ಮೇಲಿನ ಗಿಡಗಳನ್ನು ನಿಂತು ನೋಡಬೇಕು. ನಗರಗಳ ಕಿಟಕಿಗಳಲ್ಲಿ ಕುಂಡದಲ್ಲಿ ಬೆಳೆಸುವ ಆಫ್ರಿಕನ್ ವಯಲೆಟ್ ಹೂಗಿಡದ ಕಾಡುಮೂಲ ಪೂರ್ವ ಕಮಾನಿನ ಇಂಥ ನೆರಳುಬಂಡೆಗಳೇ. ಕರ್ಣಕುಂಡಲದ ಕುಲವಾದ ಇಂಪೇಷಿಯೆನ್ಸ್ ಇಲ್ಲಿಯೂ ಹಲವು ಜಾತಿಗಳಾಗಿ ಒಡೆದಿದೆ. ಪಶ್ಚಿಮ ಘಟ್ಟಗಳಲ್ಲೂ ಅದು ಹೀಗೆಯೇ ಕವಲೊಡೆದಿರುವುದು ತಿಳಿದ ಸಂಗತಿ.

ಮ್ವಾನಿಹಾನ ಶಿಖರದ ಚಾರಣ

ಕಾಡಿನ ಎಲ್ಲ ಸ್ತರಗಳನ್ನೂ ಕಾಣಬೇಕೆಂದಿರುವವರಿಗೆ ಇದೇ ಸರಿಯಾದ ದಾರಿ. ಹೋಗಿಬರುವ ದೂರ 38 ಕಿ.ಮೀ. ಸಾಮಾನ್ಯವಾಗಿ ಮೂರು ಹಗಲು, ಎರಡು ರಾತ್ರಿ ಬೇಕು. ಶಿಖರದ ಎತ್ತರ ಸುಮಾರು 2,150 ಮೀ.

ಸುಮಾರು 800 ಮೀ. ವರೆಗೆ ತಗ್ಗಿನ ಕಾಡು. ಮರಗೆಲಸಕ್ಕೆ ಹೆಸರಾದ ಎಂವುಲೆ ಮತ್ತು ಆಫ್ರಿಕದ ಮಹೋಗನಿ ಇಲ್ಲಿಯವು, ಕೆಲವು ಮರಗಳು ಒಣಗಾಲದಲ್ಲಿ ಎಲೆ ಉದುರಿಸುತ್ತವೆ. ಅಲ್ಲಿಂದ 1,400 ಮೀ. ವರೆಗೆ ಪರಿನಾರಿ, ನ್ಯೂಟೋನಿಯಾ, ಅಲಾನ್‌ಬ್ಲಾಕಿಯಾ ಮರಗಳ ಎತ್ತರದ ಕಾಡು. ಅಲಾನ್‌ಬ್ಲಾಕಿಯಾ ನಮ್ಮ ಮುರುಗಲು, ಉಪ್ಪಾಗೆಗಳ ಕುಟುಂಬದ್ದು. ಅವುಗಳಂತೆ ಇದರ ಬೀಜದಲ್ಲೂ ಗಟ್ಟಿ ಕೊಬ್ಬಿದೆ. ಅದಕ್ಕೂ ಮೇಲೆ ಮರಗಳ ಎತ್ತರ ಕುಗ್ಗುತ್ತದೆ, ಕೊಂಬೆಗಳಿಗೆ ಹಾವಸೆ ಮೆತ್ತಿಕೊಳ್ಳುತ್ತದೆ, ತೊರೆಗಳ ಬದಿಗೆ ಮರಜರಿಗಳು ಬರುತ್ತವೆ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರು ಡಿಗ್ರಿ ಇಳಿಯುವುದರಿಂದ, ಬೆಳಗ್ಗೆ ಕಬ್ಬಿನ ಬಯಲಿನ ಸೆಕೆಯಲ್ಲಿ ಹೊರಟವರು ರಾತ್ರಿ ಬೆಂಕಿಯ ಬಳಿ ಸರಿದು ಕೂರಬೇಕಾಗುತ್ತದೆ. ಕೊನೆಗೆ ಬಿದಿರು, ಅದರಾಚೆ ಹುಲ್ಲು. ಆನೆ ಮತ್ತು ಕಾಡೆಮ್ಮೆಗಳು ಅಷ್ಟು ಎತ್ತರಕ್ಕೂ ಏರುತ್ತವೆ. ಕಾಲುದಾರಿ ಹಲವೆಡೆ ಆನೆಗಳು ತುಳಿದು ಮಾಡಿದ ಜಾಡಿನಲ್ಲೇ ಸಾಗುತ್ತದೆ.

ಲುಮೆಮೊ ದಾರಿ ಇನ್ನೂ ಉದ್ದ, ಐದು ದಿನಗಳದು. ನಡೆಯುವವರು ವಿರಳ.

ಹೊಸ ಪ್ರಾಣಿಗಳ ಪತ್ತೆ

ಉಡ್ಜುಂಗ್ವಾದ ಕೀರ್ತಿಗೆ ಕಾರಣ ಇಲ್ಲಿ ಇತ್ತೀಚಿನ ದಶಕಗಳಲ್ಲಿ ಕಂಡುಬಂದ ದೊಡ್ಡ ಪ್ರಾಣಿಗಳು. ಕೀಟ ಕಪ್ಪೆಗಳಲ್ಲಿ ಹೊಸ ಜಾತಿ ಸಿಗುವುದು ಉಷ್ಣವಲಯದಲ್ಲಿ ಅಪರೂಪವಲ್ಲ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ, ರೈಲು ಮತ್ತು ಸಕ್ಕರೆ ಕಾರ್ಖಾನೆಯ ಕಣ್ಣೆದುರಿನ ಕಾಡಿನಿಂದ ಕೋತಿಯೊಂದು ಹೊರಬಂದುದು ಅಪರೂಪ.

ಮೊದಲನೆಯದು ಸಾಂಜೆ ಮ್ಯಾಂಗಬೇ. 1979ರಲ್ಲಿ ಕ್ಯಾಥರೀನ್ ಹೋಮ್‌ವುಡ್ ಮತ್ತು ಅಲನ್ ರಾಜರ್ಸ್ ಮ್ವಾನಿಹಾನ ಕಾಡಿನಲ್ಲಿ ಸಮೀಕ್ಷೆ ನಡೆಸುತ್ತಿದ್ದಾಗ ಅಲ್ಲಿ ಇರಬಾರದ ಕೂಗೊಂದು ಕೇಳಿಸಿತು. ಜೊತೆಗಿದ್ದ ಸ್ಥಳೀಯ ಮಾರ್ಗದರ್ಶಿಗೆ ಅದರ ಗುರುತಿತ್ತು, ಹೆಸರೂ ಗೊತ್ತಿತ್ತು. ಹತ್ತಿರದ ಹಳ್ಳಿಯಲ್ಲಿ ಯಾರೋ ಸಾಕಿದ್ದ ತಬ್ಬಲಿ ಮರಿಯಿಂದ ಸಂಶಯ ಬಗೆಹರಿಯಿತು ಎಂದು ಈ ಪ್ರಸಂಗವನ್ನು ಹೇಳುತ್ತಾರೆ. ಈ ಕೋತಿ ಹೆಚ್ಚು ಹೊತ್ತು ನೆಲದ ಮೇಲೆಯೇ ತರಗೆಲೆ ಕೆದಕುತ್ತ ಇರುತ್ತದೆ. ಬಿದ್ದ ಪರಿನಾರಿ ಬೀಜಗಳ ಗಟ್ಟಿ ಓಡನ್ನು ಬಲವಾದ ಹಲ್ಲುಗಳಿಂದ ಒಡೆಯುತ್ತದೆ. ಮ್ವಾನಿಹಾನ ಮತ್ತು ದಕ್ಷಿಣದ ಉಜುಂಗ್ವಾ ಸ್ಕಾರ್ಪ್, ಈ ಎರಡು ಕಾಡುಗಳ ಹೊರತು ಜಗತ್ತಿನಲ್ಲಿ ಅದಕ್ಕೆ ಬೇರೆ ನೆಲೆಯಿಲ್ಲ. ಸಂಶೋಧಕರಿಗೆ ಒಗ್ಗಿದ ಒಂದು ಗುಂಪನ್ನು ಚಾರಣಿಗರೂ ಮಾರ್ಗದರ್ಶಿಯೊಡನೆ ಹಿಂಬಾಲಿಸಿ ನೋಡಬಹುದು.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1991ರಲ್ಲಿ ಡೆನ್ಮಾರ್ಕಿನ ಪಕ್ಷಿಶಾಸ್ತ್ರಜ್ಞರ ತಂಡವೊಂದು ಪಶ್ಚಿಮದ ಎಂಡುಂಡುಲು ಕಾಡಿನಲ್ಲಿ ಬೀಡುಬಿಟ್ಟಿತ್ತು. ಅಡುಗೆಯ ಪಾತ್ರೆಯಲ್ಲಿ ಉಳಿದಿದ್ದ ಹಕ್ಕಿಯ ಕಾಲುಗಳು ಅವರು ಬಲ್ಲ ಯಾವ ಕಾಡುಕೋಳಿಯವೂ ಆಗಿರಲಿಲ್ಲ. ಹುಡುಕಿದಾಗ ಕಾಡಿನ ನೆಲದಲ್ಲಿ ಕಂದು ಬಣ್ಣದ, ಎದೆಯ ಮೇಲೆ ಕಪ್ಪು ಮಚ್ಚೆಗಳ ಕವುಜುಗ ಸಿಕ್ಕಿತು. 1994ರಲ್ಲಿ ಅದಕ್ಕೆ ಕ್ಸೆನೊಪರ್ಡಿಕ್ಸ್ ಎಂಬ ಹೊಸ ಕುಲವನ್ನೇ ರಚಿಸಿದರು. ಹಕ್ಕಿಗಳಲ್ಲಿ ಜಾತಿಯೇನೋ ಆಗಾಗ ಹೊಸದು ಸಿಗುತ್ತದೆ, ಕುಲ ಸಿಗುವುದು ಬಹಳ ವಿರಳ. ಅದಕ್ಕಿಂತಲೂ ಕುತೂಹಲದ ವಿಷಯ ಅದರ ನೆಂಟಸ್ತಿಕೆ. ಈ ಹಕ್ಕಿಯ ಹತ್ತಿರದ ಬಂಧುಗಳು ಆಫ್ರಿಕದಲ್ಲಿಲ್ಲ. ಹಿಮಾಲಯದಿಂದ ಈಶಾನ್ಯ ಭಾರತ, ಆಗ್ನೇಯ ಏಷ್ಯದವರೆಗೆ ಹರಡಿರುವ ಅರ್ಬೊರೊಫಿಲಾ ಎಂಬ ಗುಡ್ಡದ ಕವುಜುಗಗಳೇ ಅದರ ಬಳಗವೆಂದು ಮೊದಲ ವರ್ಣನೆಯೇ ಸೂಚಿಸಿತು. ಏಷ್ಯ ಮತ್ತು ಆಫ್ರಿಕಗಳ ನಡುವೆ ಅರೇಬಿಯದ ಮೂಲಕ ಹಸಿರು ಕಾಡು ಹಬ್ಬಿದ್ದ ಯಾವುದೋ ಕಾಲದಲ್ಲಿ ಪೂರ್ವಜರು ಬಂದು, ನಡುವಿನ ನಾಡು ಒಣಗಿದ ಮೇಲೆ ಈ ತೇವದ ಬೆಟ್ಟಗಳಲ್ಲಿ ಉಳಿದಿರಬೇಕೆಂಬುದು ಊಹೆ. ಭೂಖಂಡಗಳು ಸರಿದ ಗೊಂಡ್ವಾನ ಕಾಲಕ್ಕೆ ಇದನ್ನು ಜೋಡಿಸುವುದು ಸರಿಯಲ್ಲ, ಕೋಳಿ ಬಳಗದ ಈ ಶಾಖೆ ಅಷ್ಟು ಹಳೆಯದಲ್ಲ. ಇದೇ ಗುಂಪಿನ ಹಕ್ಕಿ ಪಶ್ಚಿಮ ಘಟ್ಟಗಳಲ್ಲಿಯೂ ಇಲ್ಲ ಎಂಬುದನ್ನು ಗಮನಿಸಬೇಕು. ಪೂರ್ವ ಹಿಮಾಲಯದ ಸಾಲಿನಿಂದ ಟಾಂಜಾನಿಯದವರೆಗಿನ ಅಷ್ಟು ದೊಡ್ಡ ತೆರಪನ್ನು ತುಂಬುವ ಇನ್ನೊಂದು ಬದುಕಿರುವ ಕೊಂಡಿ ಸಿಕ್ಕಿಲ್ಲ. ಪಕ್ಕದ ರುಬೆಹೊ ಬೆಟ್ಟಗಳಲ್ಲಿ ಸಿಕ್ಕ ಇದೇ ಕುಲದ ಹಕ್ಕಿಗಳನ್ನು ಕೆಲವರು ಬೇರೆ ಜಾತಿಯೆಂದೂ ಕೆಲವರು ಉಪಜಾತಿಯೆಂದೂ ಎಣಿಸುತ್ತಾರೆ.

ಅದೇ ಎಂಡುಂಡುಲು ಕಾಡಿನಲ್ಲಿ 2004ರಲ್ಲಿ ಕಿಪುಂಜಿ ಕೋತಿ ಕಂಡಿತು. ಸುಮಾರು ಅದೇ ಹೊತ್ತಿಗೆ, 300 ಕಿ.ಮೀ.ಗೂ ಹೆಚ್ಚು ದೂರದ ರುಂಗ್ವೆ ಬೆಟ್ಟದಲ್ಲಿ ಇನ್ನೊಂದು ತಂಡವೂ ಅದನ್ನು ಸ್ವತಂತ್ರವಾಗಿ ಗುರುತಿಸಿತ್ತು. 2005ರಲ್ಲಿ ಎರಡೂ ತಂಡಗಳು ಸೇರಿ ಜಾತಿಯನ್ನು ಪ್ರಕಟಿಸಿದವು, ಮರುವರ್ಷ ಅದೂ ಹೊಸ ಕುಲವಾಯಿತು. 2005ರಲ್ಲೇ ಫ್ರಾಂಚೆಸ್ಕೊ ರೊವೆರೊ ಕಾಡಿನಲ್ಲಿ ಕಟ್ಟಿದ್ದ ಸ್ವಯಂಚಾಲಿತ ಕ್ಯಾಮೆರಾದಲ್ಲಿ ಬೂದು ಮೋರೆಯ ಸೆಂಗಿ ಸಿಕ್ಕಿತು. ಉದ್ದ ಮೂತಿಯ ಈ ಪ್ರಾಣಿ ನೋಟಕ್ಕೆ ಮೂಗಿಲಿಯಂತಿದ್ದರೂ ವಂಶದಲ್ಲಿ ಆನೆಗೆ ಹತ್ತಿರ. ತೂಕ ಸುಮಾರು 700 ಗ್ರಾಂ, ತನ್ನ ಬಳಗದಲ್ಲಿ ಎಲ್ಲಕ್ಕಿಂತ ದೊಡ್ಡದು. 2008ರಲ್ಲಿ ಅದಕ್ಕೆ ಹೆಸರಿಡಲಾಯಿತು. ಉದ್ಯಾನದ ಅಂಚಿನಲ್ಲಿ 2006ರಲ್ಲಿ ಆರಂಭವಾದ ಪರಿಸರ ನಿರೀಕ್ಷಣಾ ಕೇಂದ್ರ, ಇಟಲಿಯ ಟ್ರೆಂಟೊ ವಿಜ್ಞಾನ ಸಂಗ್ರಹಾಲಯದ ನೆರವಿನಿಂದ, ಇಂಥ ಅಧ್ಯಯನಗಳನ್ನು ಮುಂದುವರಿಸಿದೆ.

ಈ ಪತ್ತೆಗಳಲ್ಲಿ ಬೇಟೆಗಾರರ, ಅಡುಗೆಯವರ, ದಾರಿ ತೋರಿಸಿದವರ ಪಾಲು ದೊಡ್ಡದು. ಬೆಟ್ಟದ ಹೆಹೆ ಜನಕ್ಕೂ ಕಣಿವೆಯ ಎಂಡಾಂಬಾ ಜನಕ್ಕೂ ಹೊಸದಲ್ಲದ ಪ್ರಾಣಿಗಳು ವಿಜ್ಞಾನದ ಪಟ್ಟಿಗೆ ತಡವಾಗಿ ಬಂದವು ಎನ್ನುವುದೇ ಹೆಚ್ಚು ನ್ಯಾಯವಾದ ಮಾತು.

ಕಿಹಾನ್ಸಿ ನೆಲಗಪ್ಪೆ

ಸಾಂಜೆಯ ತುಂತುರುಬಂಡೆಗಳ ಬೆಲೆ ತಿಳಿಯಬೇಕಾದರೆ ಶ್ರೇಣಿಯ ದಕ್ಷಿಣ ಭಾಗದ ಕಿಹಾನ್ಸಿ ಕಮರಿಯ ಕಥೆ ಗೊತ್ತಿರಬೇಕು. ಅಲ್ಲಿ ಜಲವಿದ್ಯುತ್ ಅಣೆಕಟ್ಟಿನ ಕೆಲಸ ನಡೆದಿರುವಾಗಲೇ, 1996ರಲ್ಲಿ, ಜಲಪಾತದ ಬುಡದ ತೇವದ ಹುಲ್ಲಿನಲ್ಲಿ ಮೂರು ಸೆಂ.ಮೀ. ಕೂಡ ಇಲ್ಲದ ಹಳದಿ ನೆಲಗಪ್ಪೆಯೊಂದು ಕಂಡಿತು. ಇದು ಮೊಟ್ಟೆಯಿಡದೆ ಮರಿ ಹಾಕುತ್ತದೆ. ಅದರ ಇಡೀ ಜಗತ್ತು ತುಂತುರು ಬೀಳುವ ಕೆಲವೇ ಎಕರೆ. 2000ದ ಹೊತ್ತಿಗೆ 180 ಮೆಗಾವಾಟ್ ಸಾಮರ್ಥ್ಯದ ಸ್ಥಾವರಕ್ಕಾಗಿ ನದಿಯ ಹತ್ತರಲ್ಲಿ ಒಂಬತ್ತು ಪಾಲು ನೀರು ಸುರಂಗಕ್ಕೆ ತಿರುಗಿತು, ತುಂತುರು ನಿಂತಿತು. ಸುಮಾರು 500 ಕಪ್ಪೆಗಳನ್ನು ಅಮೆರಿಕದ ಮೃಗಾಲಯಗಳಿಗೆ ಒಯ್ದರು. ಕಮರಿಯಲ್ಲಿ ಕೊಳವೆಗಳಿಂದ ಕೃತಕ ತುಂತುರು ಹಾಯಿಸಿದಾಗ ಸಂಖ್ಯೆ ಚೇತರಿಸಿಕೊಂಡಿತಾದರೂ 2003ರಲ್ಲಿ ಹಠಾತ್ತಾಗಿ ಕುಸಿಯಿತು. ಶಿಲೀಂಧ್ರ ರೋಗ ಮುಖ್ಯ ಕಾರಣವಿರಬೇಕು, ಬೇರೆ ಕಾರಣಗಳೂ ಸೇರಿರಬಹುದು. 2009ರಲ್ಲಿ ಕಾಡಿನಲ್ಲಿ ಅಳಿದ ಜಾತಿಯೆಂದು ಘೋಷಿಸಲಾಯಿತು. ಮೃಗಾಲಯಗಳಲ್ಲಿ ಹುಟ್ಟಿದ ಪೀಳಿಗೆಯನ್ನು 2012ರಲ್ಲಿ ಅದೇ ಕಮರಿಗೆ ಮರಳಿಸಿದರು. ಕಾಡಿನಲ್ಲಿ ಅಳಿದ ಉಭಯವಾಸಿಯೊಂದನ್ನು ಹೀಗೆ ತವರಿಗೆ ತಂದ ಮೊದಲ ಯತ್ನಗಳಲ್ಲಿ ಇದೊಂದು.

ಜನ ಮತ್ತು ರಕ್ಷಣೆ

ಅಂಚಿನ ಹಳ್ಳಿಗಳ ಹೆಂಗಸರು ವಾರಕ್ಕೊಮ್ಮೆ ಉದ್ಯಾನದೊಳಗೆ ಒಣಸೌದೆ ಆರಿಸಲು ಮೊದಲು ಅವಕಾಶವಿತ್ತು. 2011ರಲ್ಲಿ ಅದನ್ನು ನಿಲ್ಲಿಸಿದರು. ತಗ್ಗಿನ ಕಾಡಿನ ನೆಲಕ್ಕೆ ಇದರಿಂದ ಒಳಿತಾಗಿದೆ, ಹಳ್ಳಿಯ ಒಲೆಗಳ ಹೊರೆ ಹೆಚ್ಚಿದೆ. ಎರಡನ್ನೂ ಒಟ್ಟಿಗೆ ಹೇಳದೆ ರಕ್ಷಣೆಯ ಲೆಕ್ಕ ಪೂರ್ತಿಯಾಗದು. ಉದ್ಯಾನದ ಹೊರಗಿರುವ ಉಜುಂಗ್ವಾ ಸ್ಕಾರ್ಪ್ ಕಾಡಿನಲ್ಲಿ ಬಹುಕಾಲ ಕಾವಲು ಸಡಿಲವಾಗಿದ್ದು ಬೇಟೆಯಿಂದ ಕೊಲೊಬಸ್‌ಗಳು ಬಹಳ ಕಡಿಮೆಯಾದವು. ಅಲ್ಲಿ ಮರ ನಿಂತಿದ್ದರೂ ಕೊಂಬೆಗಳು ಬರಿದು.

ಚಾರಣಿಗರಿಗೆ

ಜೂನ್‌ನಿಂದ ಅಕ್ಟೋಬರ್ ಅನುಕೂಲ ಕಾಲ. ಮಾರ್ಗದರ್ಶಿ ಕಡ್ಡಾಯ, ದೀರ್ಘ ಚಾರಣಗಳಿಗೆ ಬಂದೂಕು ಹಿಡಿದ ಕಾವಲುಗಾರನೂ ಜೊತೆಗಿರುತ್ತಾನೆ. ದಾರಿಯಲ್ಲಿ ಸಿಯಾಫು ಇರುವೆಗಳ ಸಾಲು ಅಡ್ಡಬಂದರೆ ನಿಲ್ಲದೆ ದಾಟಬೇಕು, ಷರಾಯಿಯ ಅಂಚನ್ನು ಕಾಲುಚೀಲದೊಳಗೆ ಸೇರಿಸಿರಬೇಕು. ಮಾಂಗುಲಾ ಮಲೇರಿಯ ವಲಯದಲ್ಲಿದೆ.